ಹದಿನಾಲ್ಕು ಕೋಟಿಯ ಆಟ ಮತ್ತು ನಮ್ಮ ನೋಟ



2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆದ್ದಾದಲ್ಲಿ ಐಪಿಎಲ್ ಕ್ರಿಕೆಟ್ ಆಟಗಾರರ ಹರಾಜು ನಡೆದಾಗ ನೀವೂ ಟಿವಿಯ ಮುಂದೆ ಕುಳಿತಿದ್ದಿರಬಹುದು. ರಿಷಭ್ ಪಂತ್ 27 ಕೋಟಿ ರೂಪಾಯಿಗೆ ಲಕ್ನೋ ತಂಡದ ಪಾಲಾದರು. ನಮ್ಮ ಸುರತ್ಕಲ್ಲಿನಲ್ಲಿ ಬೆಳೆದು, ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪದವಿಪೂರ್ವ ಶಿಕ್ಷಣ ಪಡೆದ ಕೆ. ಎಲ್. ರಾಹುಲ್ ಅವರನ್ನು ಡೆಲ್ಲಿ ತಂಡವು 14 ಕೋಟಿಗೆ ಪಡೆಯಿತು. ಮುಂದಿನ ಆದಿತ್ಯವಾರ ಬಲಿಪೂಜೆ ಮುಗಿಸಿ ಅಂಗಳದಲ್ಲಿ ನಿಂತವರಿಂದ ನಾನು ಕೇಳಿದ್ದು ಎರಡು ಮಾತು. ಮೊದಲನೆಯದು, "ನಮ್ಮ ಊರಿನ ಹುಡುಗ" ಎಂಬ ಹೆಮ್ಮೆ. ಅದರ ಬೆನ್ನಿಗೇ, "ಬ್ಯಾಟು ಬೀಸಿದ್ದಕ್ಕೆ ಇಷ್ಟೊಂದು ಹಣವೇ?" ಎಂಬ ಅಸಮಾಧಾನ.

ಈ ಅಸಮಾಧಾನವನ್ನು ಬರಿಯ ಅಸೂಯೆಯೆಂದು ತಳ್ಳಿಹಾಕಲಾಗದು. ರಾಹುಲ್ ಅವರ ತಂದೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ, ತಾಯಿ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ತಲೆಮಾರುಗಳಿಗೆ ಪಾಠ ಹೇಳಿದ ಇಬ್ಬರ ಇಡೀ ಸೇವಾವಧಿಯ ಸಂಬಳವನ್ನು ಕೂಡಿಸಿದರೂ, ಮಗನ ಎರಡು ತಿಂಗಳ ಆಟದ ಮೊತ್ತವನ್ನು ಅದು ಮುಟ್ಟುವುದು ಕಷ್ಟ. ಅಧ್ಯಾಪನಕ್ಕಿಂತ ಆಟವೇ ಹಿರಿದೆಂದು ಇದರಿಂದ ಯಾರೂ ತೀರ್ಮಾನಿಸಲಾರರು. ಹಾಗಿದ್ದರೆ ಈ ಅಂತರ ಎಲ್ಲಿಂದ ಬಂತು?

ಲೆಕ್ಕವನ್ನು ಸ್ವಲ್ಪ ತಾಳ್ಮೆಯಿಂದ ನೋಡೋಣ. 2023ರಿಂದ 2027ರವರೆಗಿನ ಐದು ವರ್ಷಗಳ ಐಪಿಎಲ್ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಅಂದರೆ ವರ್ಷಕ್ಕೆ ಸುಮಾರು 9,678 ಕೋಟಿ. 2025ರ ಋತುವಿಗೆ ಆಟಗಾರರನ್ನು ಕೊಳ್ಳಲು ಪ್ರತಿ ತಂಡಕ್ಕಿದ್ದ ಮಿತಿ 120 ಕೋಟಿ. ಹತ್ತು ತಂಡಗಳಿಗೆ ಒಟ್ಟು 1,200 ಕೋಟಿ. ಪ್ರಸಾರದ ಹಣವೊಂದನ್ನೇ ಹಿಡಿದರೂ ಆಟಗಾರರೆಲ್ಲರಿಗೆ ಸಂದದ್ದು ಎಂಟರಲ್ಲಿ ಒಂದು ಪಾಲು. ಪಂದ್ಯಶುಲ್ಕ ಮೊದಲಾದವನ್ನು ಸೇರಿಸಿದರೂ ಅದು ಆರರಲ್ಲೊಂದು ಪಾಲನ್ನು ದಾಟುವುದಿಲ್ಲ. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್‌ನಲ್ಲಿ ಆದಾಯದ ಹೆಚ್ಚುಕಡಿಮೆ ಅರ್ಧದಷ್ಟು ಆಟಗಾರರಿಗೆ ಸಲ್ಲಬೇಕೆಂಬ ಒಪ್ಪಂದವಿದೆ. ಆದ್ದರಿಂದ ರಾಹುಲ್ ತಮ್ಮ 14 ಕೋಟಿಯನ್ನು ಬೇಡವೆಂದಿದ್ದರೆ ಅದು ಯಾವುದೋ ಶಾಲೆಯ ಶಿಕ್ಷಕಿಗೆ ಸೇರುತ್ತಿತ್ತೆಂದು ಭಾವಿಸಬೇಡಿ. ತಂಡದ ಒಡೆಯರ ಬಳಿಯಲ್ಲೇ ಉಳಿಯುತ್ತಿತ್ತು, ಇಲ್ಲವೇ ಮತ್ತೊಬ್ಬ ಆಟಗಾರನಿಗೆ ಹೋಗುತ್ತಿತ್ತು. ಆಟಗಾರನ ಮೇಲೆ ಸಿಟ್ಟಾಗುವ ನಾವು ಒಡೆಯರ ಪಾಲು ಎಷ್ಟೆಂದು ಕೇಳುವುದೇ ಇಲ್ಲ! ಅಲ್ಲದೆ, ಆ ಹರಾಜಿಗೆ ಹೆಸರು ನೋಂದಾಯಿಸಿದವರು 1,574 ಮಂದಿ, ಮಾರಾಟವಾದವರು 182. ಉಳಿದವರೂ ಬಾಲ್ಯದಿಂದಲೇ ಬಿಸಿಲಲ್ಲಿ ಬೆವರು ಸುರಿಸಿದವರೇ.

ಇಬ್ಬರೂ ಒಪ್ಪಿದ ಬೆಲೆ ತಾನೇ, ಅದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಪೋಪ್ 13ನೇ ಲಿಯೋ ಅವರು 1891ರಲ್ಲಿ ಪ್ರಕಟಿಸಿದ 'ರೇರುಮ್ ನೊವಾರುಮ್' ಪರಿಪತ್ರವು ಈ ವಾದವನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಎರಡೂ ಕಡೆಯವರು ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗದು. ಮಿತವಾಗಿ ಬಾಳುವ ಕಾರ್ಮಿಕನ ಜೀವನಕ್ಕೆ ಅದು ಸಾಲುವಂತಿರಬೇಕು ಎಂಬುದು ಅದರ ನಿಲುವು. ಆದರೆ ಅಲ್ಲಿ ಹೇಳಿರುವುದು ಕೂಲಿ ಎಷ್ಟಕ್ಕಿಂತ ಕಡಿಮೆಯಾಗಬಾರದು ಎಂಬುದನ್ನು. ಎಷ್ಟನ್ನು ಮೀರಬಾರದು ಎಂಬುದನ್ನಲ್ಲ. ನನಗನ್ನಿಸುವಂತೆ ನಮ್ಮ ಅಂಗಳದ ಚರ್ಚೆ ದಾರಿ ತಪ್ಪಿದ್ದು ಇಲ್ಲಿಯೇ. ಮೇಲಿನವನ ಗಳಿಕೆಯನ್ನು ಎಣಿಸುತ್ತಾ ಕುಳಿತ ನಾವು ಕೆಳಗಿರುವವರನ್ನು ಮರೆತೆವು.

ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಅವರನ್ನು ನೆನಪಿಸಿಕೊಳ್ಳಿ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಕಬಡ್ಡಿ ತಂಡದಲ್ಲಿ ಅವರಿದ್ದರು. 2012ರಲ್ಲಿ ಪಾಟ್ನಾದಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕಿ ಅವರೇ. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅದೇ 2014ರಲ್ಲಿ ಪುರುಷರ ಪ್ರೊ ಕಬಡ್ಡಿ ಲೀಗ್ ಆರಂಭವಾಗಿ, 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರ ಬೆಲೆ 2.60 ಕೋಟಿಯನ್ನು ದಾಟಿತು. ಮಹಿಳೆಯರಿಗಾಗಿ ಅದೇ ಲೀಗ್ 2016ರಲ್ಲಿ ಮೂರು ತಂಡಗಳ ಒಂದು ಪುಟ್ಟ ಪಂದ್ಯಾವಳಿಯನ್ನು ನಡೆಸಿ ಕೈಬಿಟ್ಟಿತು. ಮಮತಾ ಅವರ ಬದುಕಿಗೆ ಆಸರೆಯಾದದ್ದು ರೈಲ್ವೆಯ ನೌಕರಿ. ಅದೇ ಅಂಕಣ, ಅದೇ ಉಸಿರು ಹಿಡಿಯುವ ಆಟ; ದೇಶಕ್ಕೆ ತಂದ ಚಿನ್ನವೂ ಕಡಿಮೆಯದಲ್ಲ. ಅರ್ಹತೆಯೇ ಬೆಲೆಯನ್ನು ನಿರ್ಧರಿಸುವುದಾಗಿದ್ದರೆ ಈ ಅಂತರಕ್ಕೆ ಕಾರಣ ಹೇಳುವವರಾರು? ಪ್ರಸಾರ ಸಂಸ್ಥೆಗಳು ಕೊಳ್ಳುವುದು ಮತ್ತು ಜಾಹೀರಾತುದಾರರಿಗೆ ಮಾರುವುದು ನಿಮ್ಮ, ನನ್ನ ಸಂಜೆಯ ಹೊತ್ತನ್ನು. ನಾವು ನೋಡಿದ ಕಡೆಗೆ ಹಣ ಹರಿಯಿತು.

ಮಹಿಳಾ ಕ್ರಿಕೆಟ್‌ನಲ್ಲಿ ಸ್ವಲ್ಪ ಬದಲಾವಣೆ ಕಂಡಿದೆ. 2022ರ ಅಕ್ಟೋಬರ್‌ನಲ್ಲಿ ಭಾರತದ ಕ್ರಿಕೆಟ್ ಮಂಡಳಿಯು ಅಂತರರಾಷ್ಟ್ರೀಯ ಪಂದ್ಯಗಳಿಗೆ ಪುರುಷರಷ್ಟೇ ಪಂದ್ಯಶುಲ್ಕವನ್ನು ಮಹಿಳೆಯರಿಗೂ ಘೋಷಿಸಿತು. ಮರುವರ್ಷ ಫೆಬ್ರವರಿಯಲ್ಲಿ ಸ್ಮೃತಿ ಮಂಧಾನ ಅವರನ್ನು ಬೆಂಗಳೂರು ತಂಡ 3.40 ಕೋಟಿಗೆ ಪಡೆಯಿತು. ಆ ಮೊತ್ತ ಹೆಚ್ಚಾಯಿತೆಂದು ನಮ್ಮ ಅಂಗಳದಲ್ಲಿ ಯಾರೂ ದೂರಿದ್ದನ್ನು ನಾನು ಕೇಳಲಿಲ್ಲ. ಹರಾಜು ನಡೆದದ್ದೇ ಹೆಚ್ಚಿನವರಿಗೆ ತಿಳಿದಿರಲಿಲ್ಲ.

ನನ್ನ ಮನೆಯಂಗಳವನ್ನೂ ಗುಡಿಸಬೇಕಲ್ಲವೇ? ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಕ್ರೀಡೋತ್ಸವದ ಸಮಿತಿಯಲ್ಲಿ ನಾನಿದ್ದೆ. ಪುರುಷರ ಕ್ರಿಕೆಟ್‌ಗೆ ನಗದು ಬಹುಮಾನ, ಟ್ರೋಫಿ, ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ ಎಲ್ಲವೂ ಇದ್ದವು. ಮಹಿಳೆಯರ ತ್ರೋಬಾಲ್ ಅಂತಿಮ ಪಂದ್ಯ ನಡೆದದ್ದು ಎಲ್ಲರೂ ಊಟಕ್ಕೆ ಸಾಲು ನಿಂತ ಹೊತ್ತಿನಲ್ಲಿ. ಗೆದ್ದವರಿಗೆ ತಲಾ ಒಂದು ಸ್ಟೀಲ್ ಡಬ್ಬಿ. ಬಹುಮಾನದ ಪಟ್ಟಿಯನ್ನು ನಾನೇ ಬರೆದಿದ್ದೆ. ಒಮ್ಮೆಯೂ ಕೈ ತಡೆಯಲಿಲ್ಲ. ಪ್ರಶ್ನೆ ಕೇಳಿದವಳು ಗೆದ್ದ ತಂಡದಲ್ಲಿದ್ದ ನನ್ನ ಸೊಸೆ, ಡಬ್ಬಿಯನ್ನು ಅಡುಗೆಮನೆಯ ಹಲಗೆಯ ಮೇಲಿಡುತ್ತಾ: "ಮಾವ, ನೀವು ಪಂದ್ಯ ನೋಡಿದಿರಾ?"