ಮಿಡ್ವೇ ಕಾಳಗದ ಐದು ನಿಮಿಷಗಳು

ಯುದ್ಧವರ್ಣನೆಯು ನಮ್ಮ ಕವಿಗಳಿಗೆ ಹೊಸತಲ್ಲ. ಕಡಲ ಕಾಳಗವು ಮಾತ್ರ ವಿರಳ. ಕ್ರಿ. ಶ. 634ರ ಐಹೊಳೆಯ ಪ್ರಶಸ್ತಿಯಲ್ಲಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿಯ ನೂರಾರು ನಾವೆಗಳು ಪುರೀನಗರವನ್ನು ಮುತ್ತಿದುದನ್ನು ವರ್ಣಿಸುತ್ತ, ನಾವೆಗಳಿಗೆ ಮದಗಜಗಳ ಹೋಲಿಕೆಯನ್ನು ಕೊಟ್ಟು, ಬಾನು ಕಡಲಿನಂತೆಯೂ ಕಡಲು ಬಾನಿನಂತೆಯೂ ಆಯಿತೆನ್ನುತ್ತಾನೆ. ಅವನಿಗೆ ಅದು ಬರಿಯ ಉಪಮೆ. 1942ನೆಯ ಇಸವಿ ಜೂನ್ 4ರಂದು ಶಾಂತಸಾಗರದ ಮಿಡ್ವೇ ದ್ವೀಪದ ಬಳಿಯಲ್ಲಿ ಅದೇ ವಾಸ್ತವವಾಯಿತು: ಕಡಲ ಕಾಳಗವು ಬಾನಿನಲ್ಲಿ ತೀರ್ಮಾನಗೊಂಡಿತು.

ವೀರರಸಕ್ಕೆ ಆಲಂಬನವು ಇದಿರಾಳಿಯಷ್ಟೆ. ಉಡುಪಿ ಕಾರ್ಕಳಗಳ ಬಯಲಾಟಗಳಲ್ಲಿ ವೀರರಿಬ್ಬರು ಇದಿರುಬದಿರಾಗಿ ನಿಂತು, ಮಾತಿಗೆ ಮಾತು ಬೆಳೆಸಿದ ಮೇಲೆಯೇ ಬಿಲ್ಲೆತ್ತುವುದು. ಮಿಡ್ವೇಯಲ್ಲಿ ಜಪಾನಿನ ಮತ್ತು ಅಮೆರಿಕದ ವಿಮಾನವಾಹಕ ನೌಕೆಗಳು ಒಂದನ್ನೊಂದು ಕಾಣಲೇ ಇಲ್ಲ. ಕಾಪುವಿನ ದೀಪಸ್ತಂಭದ ತುದಿಗೇರಿದರೂ ಕಣ್ಣಿಗೆಟಕುವ ಕಡಲು ಇಪ್ಪತ್ತು ಮೈಲಿಯಷ್ಟಾಗದು. ಅಲ್ಲಿಯ ಅಂತರವು ನೂರೈವತ್ತು ಮೈಲಿಗೂ ಮಿಕ್ಕುದಾಗಿತ್ತು. ಇಂತಹ ಕಾಳಗವನ್ನು ಕತೆಯಾಗಿಸುವವನು ರಸಕ್ಕೆ ಬೇರೊಂದು ಆಸರೆಯನ್ನು ಹುಡುಕಬೇಕಾಗುತ್ತದೆ.

ಮಿತ್ಸುವೊ ಫುಚಿಡನು ಅದನ್ನು ಕಾಲದಲ್ಲಿ ಕಂಡುಕೊಂಡನು. 1941ರಲ್ಲಿ ಪರ್ಲ್ ಹಾರ್ಬರಿನ ಮೇಲಣ ವಿಮಾನದಾಳಿಗೆ ಮುಂದಾಳಾಗಿದ್ದ ಈತನು, ಮಿಡ್ವೇಯ ದಿನ ಕರುಳಿನ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತ ಅಕಾಗಿ ನೌಕೆಯ ಮೇಲಿದ್ದನು. ಒಕುಮಿಯನೊಡನೆ ಅವನು ಬರೆದ ಗ್ರಂಥವು 1951ರಲ್ಲಿ ಜಪಾನಿ ಭಾಷೆಯಲ್ಲಿಯೂ 1955ರಲ್ಲಿ ಇಂಗ್ಲಿಷಿನಲ್ಲಿಯೂ ಹೊರಬಂದಿತು. ದಾಳಿಯ ವಿಮಾನಗಳೆಲ್ಲ ನೌಕೆಯ ಮೇಲ್ದಳದಲ್ಲಿ ಸಾಲುಗೊಂಡು ಹೊರಟು ನಿಂತಿದ್ದುವು, ಇನ್ನೈದು ನಿಮಿಷ ಕಳೆದಿದ್ದರೆ ಎಲ್ಲವೂ ಹಾರಿಬಿಡುತ್ತಿದ್ದುವು, ಅಷ್ಟರಲ್ಲಿ ಶತ್ರುವಿನ ಬಾಂಬುಗಳು ಬಿದ್ದುವು ಎಂಬುದು ಅವನ ಕತೆ. ಕೈಗೆಟಕಿದ ಜಯವು ಕ್ಷಣಮಾತ್ರದಲ್ಲಿ ಜಾರಿತೆಂಬ ಈ ಚಿತ್ರವು ಕರುಣಕ್ಕೂ ಅದ್ಭುತಕ್ಕೂ ಸಮನಾಗಿ ಒದಗುತ್ತದೆ. ಲೋಕವು ಅದನ್ನು ಬಹುಕಾಲ ನಂಬಿದುದರಲ್ಲಿ ಆಶ್ಚರ್ಯವಿಲ್ಲ.

ನಂದಳಿಕೆಯ ಮುದ್ದಣನು ತನ್ನ ರಾಮಾಶ್ವಮೇಧದಲ್ಲಿ ಕತೆಗಾರನ ಮಗ್ಗುಲಿಗೆ ಮನೋರಮೆಯನ್ನು ಕುಳ್ಳಿರಿಸಿದನು. ಆಕೆ ನಡುನಡುವೆ ತಡೆದು ಕೇಳುತ್ತಾಳೆ, ಒಪ್ಪದುದನ್ನು ಒಪ್ಪೆನೆನ್ನುತ್ತಾಳೆ. (ತನ್ನ ಕೃತಿಯನ್ನೇ ಹಳೆಯ ಕವಿಯದೆಂದು ದಾಟಿಸಿದ ಮುದ್ದಣನಿಗೆ ಅಂತಹ ಶ್ರೋತೃವಿನ ಬೆಲೆ ಚೆನ್ನಾಗಿ ತಿಳಿದಿದ್ದಿರಬೇಕು.) ಫುಚಿಡನಿಗೆ ಮನೋರಮೆಯಿರಲಿಲ್ಲ. ಜಪಾನಿನ ಅಧಿಕೃತ ಯುದ್ಧೇತಿಹಾಸವು 1971ರಲ್ಲಿಯೇ ಅವನ ಮಾತನ್ನು ಬಿಟ್ಟು ನಡೆದರೂ, ಹೊರಗಿನ ಓದುಗರಿಗೆ ಆ ಪ್ರಶ್ನೆಯು ಸ್ಪಷ್ಟವಾಗಿ ಮುಟ್ಟಿದುದು 2005ರಲ್ಲಿ, ಪಾರ್ಶಲ್ ಮತ್ತು ಟಲ್ಲಿ ಎಂಬವರ ಗ್ರಂಥದಿಂದ. ಅವರು ಕೇಳಿದುದು ಸಾಮಾನ್ಯವಾದ ಸಂಗತಿ: ಆ ಹೊತ್ತಿನಲ್ಲಿ ಯಾವ ವಿಮಾನವು ಏರಿತು, ಯಾವುದು ಇಳಿಯಿತು? ನೌಕೆಗಳ ದಾಖಲೆಗಳಲ್ಲಿ ಕಾವಲಿನ ವಿಮಾನಗಳ ಏರಿಳಿತವೇ ಬೆಳಗಿನುದ್ದಕ್ಕೂ ಕಾಣುತ್ತದೆ. ಮೇಲ್ದಳವು ಅವುಗಳಿಗೆ ಬೇಕಾಗಿದ್ದುದರಿಂದ, ದಾಳಿಯ ವಿಮಾನಗಳು ಬಹುಮಟ್ಟಿಗೆ ಕೆಳಗಣ ಕೊಟ್ಟಿಗೆಗಳಲ್ಲಿಯೇ ಉಳಿದಿದ್ದುವು. ಐದು ನಿಮಿಷಗಳಲ್ಲಿ ಅವು ಹೊರಡುವ ಮಾತೇ ಇರಲಿಲ್ಲ.

ಇದು ಪಂಡಿತರ ಕೂದಲು ಸೀಳುವ ವಾದವೆಂದು ತಳ್ಳಿಹಾಕುವಂತಿಲ್ಲ. ಹಾರ್ನೆಟ್ ನೌಕೆಯಿಂದ ಬಂದ 15 ಟಾರ್ಪೆಡೊ ವಿಮಾನಗಳಲ್ಲಿ ಒಂದೂ ಹಿಂದಿರುಗಲಿಲ್ಲ. 30 ಮಂದಿಯಲ್ಲಿ ಬದುಕಿದವನು ಒಬ್ಬನೇ. ಅವರ ಒಂದು ಟಾರ್ಪೆಡೊ ಸಹ ಗುರಿಯನ್ನು ಮುಟ್ಟಲಿಲ್ಲ. ಆದರೂ ಅವರಂತಹವರು ಅಲೆಯಲೆಯಾಗಿ ಬಂದುದರಿಂದಲೇ ಜಪಾನಿನ ನೌಕೆಗಳು ತಿರುಗಿ ತಿರುಗಿ ಓಡಬೇಕಾಯಿತು, ದಾಳಿಯನ್ನು ಅಣಿಗೊಳಿಸಲು ತೆರಪು ಸಿಕ್ಕಲಿಲ್ಲ. ಹತ್ತೂಕಾಲು ಗಂಟೆ ಕಳೆದೊಡನೆ ಮೇಲಿನಿಂದ ಎರಗಿದ ಬಾಂಬು ವಿಮಾನಗಳು ಅಕಾಗಿ, ಕಾಗಾ, ಸೋರ್ಯು ಎಂಬ ಮೂರು ನೌಕೆಗಳನ್ನು ಬೆಂಕಿಗಿಕ್ಕಿದುವು; ಸಂಜೆಗೆ ಹಿರ್ಯುವಿನ ಸರದಿ. ಅಮೆರಿಕವು ಯಾರ್ಕ್‌ಟೌನನ್ನು ಕಳೆದುಕೊಂಡಿತು. ಫುಚಿಡನ ಕತೆಯು ಸೋಲನ್ನು ದೈವದ ತಲೆಗೆ ಕಟ್ಟುತ್ತದೆ. ಹಾಗೆ ಕಟ್ಟಿದೊಡನೆ ಶತ್ರುವಿಗೆ ಗುಪ್ತಲಿಪಿಯು ತಿಳಿದುಹೋದುದು, ಹುಡುಕಲು ಕಳುಹಿದ ವಿಮಾನಗಳ ಕೊರತೆ, ಸೇನೆಯನ್ನು ಹರಡಿಬಿಟ್ಟ ಯೋಜನೆ ಇವೆಲ್ಲ ಹಿಂದೆ ಸರಿಯುತ್ತವೆ. ಆ 30 ಮಂದಿಯ ಪಾಲೂ ಸರಿಯುತ್ತದೆ.

ಹಾಗೆಂದು ಗ್ರಂಥವನ್ನು ಮೂಲೆಗಿಡಬೇಕಾಗಿಲ್ಲ. ಉರಿಯುವ ಅಕಾಗಿಯಿಂದ ಇಳಿಯುವಾಗ ಕಾಲು ಮುರಿದುಕೊಂಡುದನ್ನು ಫುಚಿಡನು ಹೇಳುವಲ್ಲಿ ಐದು ನಿಮಿಷದ ಲೆಕ್ಕವಿಲ್ಲ, ದೈವದ ಹೆಸರಿಲ್ಲ; ನೋವನ್ನುಂಡವನ ಮಾತು ಮಾತ್ರವಿದೆ.