ದ್ವೀಪವಿಲ್ಲದ ಊರಲ್ಲಿ ಡೈನೋಸಾರ್

ಸ್ಟೀವನ್ ಸ್ಪೀಲ್‌ಬರ್ಗ್ ಹೆಸರು ತೆಗೆದರೆ ಸಾಕು, ಎಲ್ಲರೂ 1993ರ ‘ಜುರಾಸಿಕ್ ಪಾರ್ಕ್’ ಹೊಗಳುತ್ತಾರೆ. ಅದರ ಎರಡನೇ ಭಾಗ, 1997ರ ‘ದಿ ಲಾಸ್ಟ್ ವರ್ಲ್ಡ್’ ಅಂದರೆ ಮೂಗು ಮುರಿಯುತ್ತಾರೆ. ಕಕ್ಕಬೆಯ ನಮ್ಮ ಹುಡುಗರ ಗುಂಪಿನಲ್ಲಿ ಮಾತ್ರ ಲೆಕ್ಕ ಉಲ್ಟಾ. ನಮಗೆ ಎರಡನೆಯದೇ ದೊಡ್ಡದು. ಮೊದಲನೆಯದರಲ್ಲಿ ಇದ್ದದ್ದು ಒಂದೇ ಟಿ-ರೆಕ್ಸ್. ಇದರಲ್ಲಿ ಅಪ್ಪ, ಅಮ್ಮ, ಮರಿ ಅಂತ ಇಡೀ ಸಂಸಾರವೇ ಇತ್ತು! ಕನ್ನಡಕ್ಕೆ ಡಬ್ ಮಾಡೋದಕ್ಕೆ ಅಘೋಷಿತ ನಿಷೇಧವಿದ್ದ ಕಾಲ ಅದು. ಬಾಡಿಗೆ ಸಿಡಿ ತಂದು ಇಂಗ್ಲಿಷಿನಲ್ಲೇ ನೋಡಿದೆವು. ಮಾತು ಅರ್ಧಂಬರ್ಧ ತಿಳಿಯುತ್ತಿತ್ತು. ಡೈನೋಸಾರ್‌ಗೆ ಯಾವ ಭಾಷೆಯಾದರೇನು? ಮಳೆಗಾಲದಲ್ಲಿ ಕರೆಂಟು ಹೋದರೆ ಮಿಕ್ಕ ಕತೆಯನ್ನು ನಾವೇ ಹೇಳಿ ಮುಗಿಸುತ್ತಿದ್ದೆವು.

ಮೊನ್ನೆ ಸಬ್‌ಟೈಟಲ್ ಹಾಕಿಕೊಂಡು ಅದನ್ನೇ ಪೂರ್ತಿ ನೋಡಿದೆ. ಬೈಯುವವರು ಬೈದದ್ದರಲ್ಲಿ ಅರ್ಧ ನಿಜ. ಹುಡುಗಿಯೊಬ್ಬಳು ಸರ್ಕಸ್ಸಿನವರ ಹಾಗೆ ಕಂಬಿಗೆ ಜೋತುಬಿದ್ದು ರ‍್ಯಾಪ್ಟರ್‌ಗೆ ಒದೆಯುವ ದೃಶ್ಯಕ್ಕೆ ಈಗ ನಗು ಬರುತ್ತದೆ. ಹಡಗಿನ ಸಿಬ್ಬಂದಿಯೆಲ್ಲ ಸತ್ತಿರುತ್ತಾರೆ, ಟಿ-ರೆಕ್ಸ್ ಮಾತ್ರ ಕೆಳಗಿನ ಗೋದಾಮಿನಲ್ಲಿ ಬಂದಿಯಾಗಿರುತ್ತದೆ. ಹಾಗಾದರೆ ಕೊಂದವರು ಯಾರು? ಸಿನಿಮಾ ಉತ್ತರ ಕೊಡೋದಿಲ್ಲ. ಸ್ಯಾನ್ ಡಿಯಾಗೋ ಪೇಟೆಯಲ್ಲಿ ಟಿ-ರೆಕ್ಸ್ ನುಗ್ಗುವ ಭಾಗವಂತೂ ಮೈಕಲ್ ಕ್ರೈಟನ್‌ನ 1995ರ ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಆರ್ಥರ್ ಕಾನನ್ ಡಾಯ್ಲ್‌ನ ಇದೇ ಹೆಸರಿನ ಕಾದಂಬರಿ 1925ರಲ್ಲಿ ಮೂಕಿ ಚಿತ್ರವಾದಾಗ ಲಂಡನ್ ಬೀದಿಯಲ್ಲಿ ಒಂದು ಡೈನೋಸಾರ್ ಓಡಾಡಿತ್ತು. ಇದು ಅದಕ್ಕೆ ಸ್ಪೀಲ್‌ಬರ್ಗ್ ಹೊಡೆದ ಸಲಾಂ.

ಆದರೆ ಟ್ರೇಲರ್ ದೃಶ್ಯ ಇದೆಯಲ್ಲ, ಅದರ ಮುಂದೆ ಇವೆಲ್ಲ ಮಾಫಿ. ಕಾಲು ಮುರಿದ ಟಿ-ರೆಕ್ಸ್ ಮರಿಯನ್ನು ಸಾರಾ ಮತ್ತು ನಿಕ್ ತಮ್ಮ ಗಾಡಿಯೊಳಗೆ ತಂದು ಪಟ್ಟಿ ಕಟ್ಟುತ್ತಾರೆ. ಮರಿ ಕಿರುಚುತ್ತದೆ. ಹೊರಗೆ ಕತ್ತಲು, ಜಡಿಮಳೆ. ತಾಯಿ ತಂದೆ ಎರಡೂ ಬಂದು ಕಿಟಕಿಯಲ್ಲಿ ಇಣುಕುತ್ತವೆ. ಚಿಕ್ಕವನಿದ್ದಾಗ ನಾನು ಕಾದದ್ದು ಅವು ಗಾಡಿಯನ್ನು ಪ್ರಪಾತಕ್ಕೆ ತಳ್ಳುವ ಗಳಿಗೆಗೆ, ಆಮೇಲೆ ಸಾರಾ ಬಿದ್ದ ಗಾಜು ಎಳೆ ಎಳೆಯಾಗಿ ಬಿರುಕು ಬಿಡುವುದಕ್ಕೆ. ಈಗ ಹಿಡಿದು ನಿಲ್ಲಿಸುವುದು ಅದಕ್ಕೆ ಮೊದಲಿನ ಒಂದೆರಡು ನಿಮಿಷ. ಮರಿಯನ್ನು ಹೊರಗೆ ಬಿಟ್ಟ ಮೇಲೆ ಅವು ಸುಮ್ಮನೆ ಹೋಗುತ್ತವೆ. ಮರಿಯನ್ನು ದೂರ ಬಿಟ್ಟು, ಮತ್ತೆ ತಿರುಗಿ ಬರುತ್ತವೆ. ಆ ‘ತಿರುಗಿ ಬರೋದು’ ಇದೆಯಲ್ಲ, ಮರಿಯಿರುವ ಆನೆ ಗುಂಪನ್ನು ಕಾಫಿ ತೋಟದಲ್ಲಿ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯದು ಮಾಡೋಕೆ ಹೋದವರು, ಕೆಟ್ಟದ್ದು ಮಾಡೋಕೆ ಹೋದವರು ಅಂತ ಆನೆ ಭೇದ ಮಾಡೋದಿಲ್ಲ. ಈ ಟಿ-ರೆಕ್ಸ್‌ಗಳೂ ಮಾಡುವುದಿಲ್ಲ. ಇಡೀ ಚಿತ್ರದಲ್ಲಿ ಅತ್ಯಂತ ಒಳ್ಳೆಯ ಮನುಷ್ಯ ಎಡ್ಡಿ. ಗೆಳೆಯರನ್ನು ಎಳೆದು ಉಳಿಸಲು ಹೋದ ಅವನನ್ನೇ ಅವು ಸೀಳಿಹಾಕುತ್ತವೆ.

ಇನ್ನೊಬ್ಬ ರೋಲಂಡ್ ಟೆಂಬೊ, ಪೀಟ್ ಪೊಸ್ಲ್‌ತ್ವೇಟ್ ಆಡಿದ ಬೇಟೆಗಾರ. ಕಂಪನಿಯ ಸಂಬಳ ಅವನಿಗೆ ಬೇಡ, ಒಂದು ಗಂಡು ಟಿ-ರೆಕ್ಸ್ ಹೊಡೆಯಲು ಬಿಟ್ಟರೆ ಸಾಕು. ಕೊಡಗಿನ ಹುಡುಗರಿಗೆ ಇವನು ಪರಕೀಯ ಅನ್ನಿಸಲೇ ಇಲ್ಲ. ಕೋವಿಗೆ ಹೂವಿಟ್ಟು ಕೈಲ್‌ಪೊಳ್ದ್ ಮಾಡುವ ಸೀಮೆ ಇದು. ಹುಲಿ ಕೊಂದವನನ್ನು ಮದುಮಗನ ಹಾಗೆ ಕೂರಿಸಿ, ಅಕ್ಕಿ ಹಾಕಿ ಹರಸುವ ‘ನರಿ ಮಂಗಲ’ ಒಂದು ಕಾಲದಲ್ಲಿ ಇಲ್ಲಿ ನಡೆಯುತ್ತಿತ್ತು. (ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ. ಕನ್ನಡದ ನರಿ ಅಂದುಕೊಂಡರೆ ಕತೆ ಕೆಟ್ಟಿತು!) 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಲಿ ಬೇಟೆಗೆ ಪೂರ್ತಿ ತೆರೆ ಬಿತ್ತು. ರೋಲಂಡ್ ಕೊನೆಗೆ ತನ್ನ ಟಿ-ರೆಕ್ಸ್ ಅನ್ನು ಕೆಡವುತ್ತಾನೆ, ಆದರೆ ಅರಿವಳಿಕೆಯ ಮದ್ದಿನಿಂದ. ಅಷ್ಟರಲ್ಲಿ ಅವನ ಜೊತೆಗಾರ ಅಜಯ್ ಸಿಧು ಸತ್ತಿರುತ್ತಾನೆ. ಎತ್ತರದ ಹುಲ್ಲಿಗೆ ಹೋಗಬೇಡಿ ಅಂತ ಕೂಗಿ ಹೇಳಿದವನೂ ಅವನೇ, ಆ ಹುಲ್ಲಿನಲ್ಲಿ ಉಳಿದುಹೋದವನೂ ಅವನೇ. ಕಂಪನಿ ಕೊಡುವ ಹೊಸ ಕೆಲಸವನ್ನು ರೋಲಂಡ್ ಬೇಡ ಅಂದು ಎದ್ದು ಹೋಗುವಾಗ ಅವನ ಮುಖ ನೋಡಿ. ಬೇಟೆ ಬಿಟ್ಟ ಒಂದು ತಲೆಮಾರಿನ ಸುಸ್ತು ಆ ಮುಖದಲ್ಲಿದೆ.

ಇಲ್ಲೇ ಸಿನಿಮಾದ ಮೇಲೆ ನನ್ನ ದೊಡ್ಡ ತಕರಾರು. ಪ್ರಾಣಿಪ್ರಿಯ ನಿಕ್ ಯಾರಿಗೂ ಹೇಳದೆ ರೋಲಂಡ್‌ನ ಕೋವಿಯ ಗುಂಡು ಕದ್ದಿರುತ್ತಾನೆ. ಟಿ-ರೆಕ್ಸ್ ಡೇರೆಗಳ ಮೇಲೆ ಬಂದಾಗ ಕೋವಿ ಹಾರುವುದಿಲ್ಲ. ಜನ ದಿಕ್ಕೆಟ್ಟು ಓಡಿ ಸಾಯುತ್ತಾರೆ. ಇಷ್ಟಾದರೂ ಚಿತ್ರ ನಿಕ್‌ನನ್ನು ಒಂದು ಮಾತು ಕೇಳುವುದಿಲ್ಲ. ಸತ್ತವರು ಕಂಪನಿಯ ಕೂಲಿಗೆ ಬಂದವರು, ಹೆಸರೂ ಇಲ್ಲದವರು. ಪ್ರಾಣಿಗೆ ಮರುಗುವ ಸಿನಿಮಾಕ್ಕೆ ಆ ಕೂಲಿಯವರ ಲೆಕ್ಕ ಬೇಡವಾಗಿದೆ. ಬೆಳಿಗ್ಗೆ ತೋಟಕ್ಕೆ ನಡೆದು ಹೋಗುವ ಕಾರ್ಮಿಕರೇ ಆನೆಗೆ ಸಿಕ್ಕಿ ಸಾಯುವ ಜಿಲ್ಲೆಯಲ್ಲಿ ಕೂತು ನೋಡುವಾಗ ಇದನ್ನು ಸುಲಭವಾಗಿ ನುಂಗೋಕಾಗಲ್ಲ.

ಕೊನೆಯಲ್ಲಿ ಮುದುಕ ಹ್ಯಾಮಂಡ್ ಟೀವಿಯಲ್ಲಿ ಬಂದು, ದ್ವೀಪವನ್ನು ಅದರ ಪಾಡಿಗೆ ಬಿಡಿ, ಮನುಷ್ಯರು ದೂರ ಇರಿ ಅನ್ನುತ್ತಾನೆ. ಚಿಕ್ಕಂದಿನಲ್ಲಿ ಈ ಭಾಷಣ ಬಂದರೆ ನಾವು ಎದ್ದು ಹೋಗುತ್ತಿದ್ದೆವು. ಈಗ ಪೂರ್ತಿ ಕೇಳಿದೆ. ಚೆನ್ನಾಗಿದೆ, ಆದರೆ ಅದು ದ್ವೀಪ ಇರುವವರ ಮಾತು. ಸುತ್ತ ಸಮುದ್ರ ಇದ್ದರೆ ಗಡಿ ಹಾಕೋದು ಸುಲಭ. ಕೊಡಗಿನಲ್ಲಿ ನಾಗರಹೊಳೆ ಒಂದು ಕಡೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಇನ್ನೊಂದು ಕಡೆ. ನಡುವೆ ಕಾಫಿ, ಗದ್ದೆ, ಶಾಲೆ, ಬಸ್‌ಸ್ಟಾಪು. ಆನೆ ಕಂದಕ, ಸೋಲಾರ್ ಬೇಲಿ, ರೈಲು ಹಳಿಯ ಬೇಲಿ ಎಲ್ಲ ಹಾಕಿಯೂ ಹಲಸು ಹಣ್ಣಾಗುವ ಹೊತ್ತಿಗೆ ಆನೆ ತೋಟದೊಳಗಿರುತ್ತದೆ.

ರಾಮನ್ ಸುಕುಮಾರ್ ನೇತೃತ್ವದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಹೈಕೋರ್ಟಿಗೆ ವರದಿ ಕೊಟ್ಟಿತು. ಅದರಲ್ಲಿ ಮೂರು ವಲಯಗಳ ಮಾತಿದೆ. ಒಂದು ಆನೆ ಸಂರಕ್ಷಣೆಗೆ, ಒಂದು ಆನೆ ಮನುಷ್ಯ ಕೂಡಿ ಬಾಳುವುದಕ್ಕೆ, ಒಂದು ಆನೆಯನ್ನು ಹಿಡಿದು ತೆಗೆಯುವುದಕ್ಕೆ. ಸ್ಪೀಲ್‌ಬರ್ಗ್ ಚಿತ್ರಕ್ಕೆ ಗೊತ್ತಿರುವುದು ಎರಡೇ: ದ್ವೀಪ ಮತ್ತು ಸ್ಯಾನ್ ಡಿಯಾಗೋ. ಪ್ರಾಣಿ ಅಲ್ಲಿದ್ದರೆ ಚಂದ, ಇಲ್ಲಿಗೆ ಬಂದರೆ ಅನಾಹುತ. ನಡುವಿನ ವಲಯದ ಕತೆ ಅದಕ್ಕೆ ಗೊತ್ತಿಲ್ಲ. ನಾವು ಬದುಕುತ್ತಿರುವುದು ಅಲ್ಲೇ.

ಆದರೂ ಒಂದು ಗಳಿಗೆ ಚಿತ್ರ ಆ ನಡುವಿನ ಜಾಗಕ್ಕೆ ಬಂದುಹೋಗುತ್ತದೆ. ಸ್ಯಾನ್ ಡಿಯಾಗೋದಲ್ಲಿ ಬಾಯಾರಿದ ಟಿ-ರೆಕ್ಸ್ ಯಾರದೋ ಹಿತ್ತಲಿನ ಈಜುಕೊಳದಲ್ಲಿ ನೀರು ಕುಡಿಯುತ್ತದೆ. ನಿದ್ದೆಯಿಂದ ಎದ್ದ ಹುಡುಗ ಕಿಟಕಿಯಿಂದ ನೋಡುತ್ತಾನೆ. ಆಮೇಲೆ ಮನೆಯ ನಾಯಿಯ ಗತಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಆದರೆ ಅದಕ್ಕೆ ಮೊದಲು, ಅಷ್ಟು ದೊಡ್ಡ ಪ್ರಾಣಿ ತಲೆ ಬಗ್ಗಿಸಿ ನೀರು ಕುಡಿಯುವಷ್ಟು ಹೊತ್ತು, ಅದು ಯಾರಿಗೂ ವೈರಿಯಲ್ಲ. ತೋಟದ ಕೆರೆಗೆ ರಾತ್ರಿ ಇಳಿಯುವ ಆನೆಯೂ ಹಾಗೇ. ಮನೆಯಲ್ಲಿ ಮಕ್ಕಳಿದ್ದರೆ ಈ ಸಿನಿಮಾ ತೋರಿಸಿ. ಸಿಟಿಯ ಓಡಾಟಕ್ಕೆ ಅವರು ಕೂಗಿ ಕುಣಿಯಲಿ, ಅದು ಅವರ ಪಾಲು. ಈಜುಕೊಳದ ದೃಶ್ಯ ಬಂದಾಗ ಮಾತ್ರ ಕತ್ತಲಲ್ಲಿ ಒಂದು ಗಳಿಗೆ ಸುಮ್ಮನೆ ಕೂರಿಸಿಕೊಳ್ಳಿ.