ಕೈ ಕೆಸರಾಗದ ಅಭ್ಯರ್ಥಿ



ಈ ಸಲ ಎರಡು ಕನ್ನಡ ಚಿತ್ರಗಳ ಬಗ್ಗೆ ನಮಗನ್ನಿಸಿದ್ದನ್ನು ಬರೆಯುತ್ತಿದ್ದೇವೆ. ಒಂದು 2018ರ 'ಹಂಬಲ್ ಪೊಲಿಟಿಷಿಯನ್ ನೊಗರಾಜ್', ಇನ್ನೊಂದು 1987ರ 'ಅವಸ್ಥೆ'. ಎರಡರಲ್ಲೂ ನಾಯಕನ ಬದುಕು ಹೊರಳುವುದು ವಿಧಾನಸಭೆಯ ಸುತ್ತ. ಹೊಸ ಚಿತ್ರಗಳಿರುವಾಗ ಇವೇ ಏಕೆ ಎಂದು ನೀವು ಕೇಳಬಹುದು. ಅದಕ್ಕೊಂದು ಕಾರಣವಿದೆ.

2022ರ ಚಳಿಗಾಲದ ಕೊನೆಯಲ್ಲಿ ಟೋರ್ಸ್‌ಲಾಂಡದ ಸದಸ್ಯರೊಬ್ಬರ ಮನೆಯಲ್ಲಿ ನಾವು ಏಳೆಂಟು ಮಂದಿ ಸೇರಿದ್ದೆವು. ಬಿಸಿಬೇಳೆ ಭಾತ್ ಮುಗಿಸಿ, ಮಕ್ಕಳನ್ನು ಮೇಲಿನ ಕೋಣೆಗೆ ಕಳಿಸಿ, ನೊಗರಾಜನ ಚಿತ್ರ ಹಾಕಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಚಿತ್ರ ಮುಗಿದ ಮೇಲೆ ಮನೆಯ ಯಜಮಾನರು ಸ್ವಲ್ಪ ಸಂಕೋಚದಿಂದಲೇ ಒಂದು ಸುದ್ದಿ ಹೇಳಿದರು. ಸೆಪ್ಟೆಂಬರಿನಲ್ಲಿ ನಡೆಯಲಿದ್ದ ಗೊಥೆನ್‌ಬರ್ಗ್ ನಗರಸಭೆಯ ಚುನಾವಣೆಗೆ ತಮ್ಮ ಪಟ್ಟಿಯಲ್ಲಿ ಹೆಸರು ಸೇರಿಸಬಹುದೇ ಎಂದು ಇಲ್ಲಿನ ಒಂದು ಪಕ್ಷದವರು ಅವರನ್ನು ಕೇಳಿದ್ದರಂತೆ. ನಮ್ಮ ನಗು ಇನ್ನೂ ನಿಂತಿರಲಿಲ್ಲ. "ನೀವೂ ನೊಗರಾಜ ಆಗ್ತೀರಾ?" ಎಂದರು ಒಬ್ಬರು. "ನಮಗ್ಯಾಕೆ ಬೇಕು ಮಾರಾಯರೆ ಈ ಉಸಾಬರಿ, ರಾಜಕೀಯ ಅಂದರೆ ಕೆಸರು" ಎಂದರು ಇನ್ನೊಬ್ಬರು. ನಾವೂ ಅದಕ್ಕೆ ತಲೆಯಾಡಿಸಿದೆವು. ಅವರು ಮತ್ತೆ ಆ ಮಾತೆತ್ತಲಿಲ್ಲ. ಅಡಿಗೆಮನೆಯಿಂದ ಕಾಫಿ ತಂದ ಅವರ ಮನೆಯವರು ಮಾತ್ರ "ಹಾಗಾದ್ರೆ ನಾವು ಓಟು ಹಾಕೋದು ಯಾರಿಗೆ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆಯಿಂದಾಗಿ ಚಿತ್ರವನ್ನು ಮತ್ತೊಮ್ಮೆ ನೋಡಿದೆವು.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚೋಣ. ದಾನಿಶ್ ಸೇಠ್ ರೇಡಿಯೋದ ತಮಾಷೆ ಕರೆಗಳಲ್ಲಿ ಹುಟ್ಟಿಸಿದ ಪಾತ್ರ ಈ ನೊಗರಾಜ. ಸಾದ್ ಖಾನ್ ನಿರ್ದೇಶನದ ಚಿತ್ರದಲ್ಲಿ ಅವನು ಬೆಂಗಳೂರಿನ ಕಾರ್ಪೊರೇಟರ್. ಶಾಸಕನಾಗಬೇಕೆಂಬುದು ಅವನ ಆಸೆ. ಇಂಗ್ಲಿಷಿನಲ್ಲಿ 'ಹಂಬಲ್' ಎಂದರೆ ವಿನಯ. ಆದರೆ ಕನ್ನಡದ ಕಿವಿಗೆ ಅದು 'ಹಂಬಲ' ಎಂದೇ ಕೇಳಿಸುತ್ತದೆ, ಮತ್ತು ಆ ಮನುಷ್ಯನಿಗೆ ಹೊಂದುವುದೂ ಅದೇ. ಅರ್ಧ ಇಂಗ್ಲಿಷ್ ಅರ್ಧ ಕನ್ನಡದ ಅವನ ಮಾತು, ನಾಚಿಕೆಯೇ ಇಲ್ಲದ ದುರಾಸೆ, ಪಕ್ಕದಲ್ಲಿ ಮಂಜುನಾಥನಾಗಿ ವಿಜಯ್ ಚೆಂಡೂರ್, ಹೆಂಡತಿ ಲಾವಣ್ಯಳಾಗಿ ಸುಮುಖಿ ಸುರೇಶ್ - ಎಲ್ಲವೂ ಚುರುಕಾಗಿದೆ. ಚಿತ್ರ ಬಂದದ್ದು 2018ರ ಜನವರಿಯಲ್ಲಿ, ವಿಧಾನಸಭೆ ಚುನಾವಣೆಗೆ ಕೇವಲ ನಾಲ್ಕು ತಿಂಗಳ ಮೊದಲು. ಅಂಥ ಹೊತ್ತಿನಲ್ಲಿ ರಾಜಕಾರಣಿಯನ್ನು ನೋಡಿ ಜನ ನಗುವಂತಾದರೆ ಅದು ಒಳ್ಳೆಯದೇ.

ನಮ್ಮ ತಕರಾರು ನೊಗರಾಜನ ಬಗ್ಗೆ ಅಲ್ಲ, ಅವನ ಎದುರಾಳಿಯ ಬಗ್ಗೆ. ರೋಜರ್ ನಾರಾಯಣ್ ಮಾಡಿರುವ ಅರುಣ್ ಪಾಟೀಲ್ ಓದಿದವನು, ಸಭ್ಯ, ಆದರ್ಶವಾದಿ. ಅಂದರೆ ನಮ್ಮಂಥವರು ಕನ್ನಡಿಯಲ್ಲಿ ನೋಡಿಕೊಳ್ಳಲು ಇಷ್ಟಪಡುವ ಮುಖ. ಅವನೂ ಪ್ರಚಾರ ಮಾಡುತ್ತಾನೆ, ನಿಜ. ಆದರೆ ಅವನು ಯಾರ ಬಾಗಿಲಲ್ಲಿ ನಿಂತ, ಅಲ್ಲಿ ಯಾರು ಅವನನ್ನು ಬೈದರು, ಯಾವ ಅಜ್ಜಿ ನೀರು ಕೊಟ್ಟು ಕೂರಿಸಿದಳು, ಅವರಿಂದ ಅವನು ಏನು ಕಲಿತ - ಇದಾವುದೂ ಎರಡನೇ ಸಲ ನೋಡಿದರೂ ನಮ್ಮ ನೆನಪಿನಲ್ಲಿ ಉಳಿಯಲಿಲ್ಲ. ನೊಗರಾಜನ ಹಸಿವು, ಸಿಟ್ಟು, ನಿದ್ದೆ ಎಲ್ಲವೂ ನಮಗೆ ಗೊತ್ತಾಗುತ್ತದೆ. ಪಾಟೀಲನ ಬಗ್ಗೆ ಗೊತ್ತಾಗುವುದು ಅವನು ಒಳ್ಳೆಯವನು ಎಂಬುದೊಂದೇ. ಹಾಸ್ಯಚಿತ್ರಕ್ಕೆ ಖದೀಮನೇ ಬೇಕು, ಒಪ್ಪಿದೆವು. ಆದರೆ ಒಳ್ಳೆಯವನನ್ನು ಹೀಗೆ ಬೊಂಬೆಯಾಗಿಸಿದರೆ ನೋಡುವವನ ತಲೆಯಲ್ಲಿ ಒಂದು ಪಾಠ ಉಳಿಯುತ್ತದೆ: ಚುನಾವಣೆ ನಿಲ್ಲುವುದು ಖದೀಮರ ಕೆಲಸ, ಸಭ್ಯರು ಮನೆಯಲ್ಲಿರಬೇಕು. ಅಂದು ರಾತ್ರಿ ಟೋರ್ಸ್‌ಲಾಂಡದಲ್ಲಿ ನಾವು ಒಪ್ಪಿಸಿದ್ದೂ ಅದೇ ಪಾಠವನ್ನು.

ಕೃಷ್ಣ ಮಾಸಡಿ ನಿರ್ದೇಶಿಸಿದ 'ಅವಸ್ಥೆ' ಬೇರೆಯೇ ಜಾತಿಯ ಚಿತ್ರ. 1978ರಲ್ಲಿ ಬಂದ ಯು.ಆರ್. ಅನಂತಮೂರ್ತಿಯವರ ಕಾದಂಬರಿಯೇ ಅದರ ಮೂಲ. ಅನಂತನಾಗ್ ಮಾಡಿರುವ ಕೃಷ್ಣಪ್ಪ ಗೌಡ ದನ ಕಾಯುತ್ತಿದ್ದ ಹುಡುಗ. ಮುಂದೆ ರೈತರ ನಾಯಕನಾಗಿ ಬೆಳೆದವನು. ಈಗ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾನೆ. ಮುಖ್ಯಮಂತ್ರಿಯ ಕುರ್ಚಿ ಕೈಗೆಟುಕುವಷ್ಟು ಹತ್ತಿರ ಬಂದಾಗ, ಅದಕ್ಕಾಗಿ ಎಷ್ಟು ಬಾಗಬೇಕೆಂಬ ಪ್ರಶ್ನೆ ಅವನನ್ನು ಕಾಡುತ್ತದೆ. ಇದು ದೊಡ್ಡ ಪ್ರಶ್ನೆ. ಅನಂತನಾಗ್ ಅದನ್ನು ಹೊತ್ತಿದ್ದಾರೆ. ಆದರೂ ಚಿತ್ರದ ಜೀವ ಇರುವುದು ಗೆದ್ದು ದಣಿದು ಹಿಂತಿರುಗಿ ನೋಡುವ ಮನುಷ್ಯನಲ್ಲಿ. ಮತ ಕೇಳಲು ಬೀದಿಗಿಳಿದ ಮನುಷ್ಯನಲ್ಲಿ ಅಲ್ಲ. ಒಂದು ಚಿತ್ರ ಅಭ್ಯರ್ಥಿಯನ್ನು ಕೋಡಂಗಿ ಮಾಡಿತು, ಇನ್ನೊಂದು ಅವನನ್ನು ಹುತಾತ್ಮನನ್ನಾಗಿಸಿತು. ನಡುವಿನ ಮನುಷ್ಯ, ಸೋಲಬಹುದೆಂದು ಗೊತ್ತಿದ್ದೂ ನಾಮಪತ್ರ ತುಂಬಿ ಚಪ್ಪಲಿ ಸವೆಸುವವನು, ಎರಡರಲ್ಲೂ ನಮಗೆ ಸಿಗಲಿಲ್ಲ.

ಅಂಥವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಕೃಷ್ಣಪ್ಪನ ಪಾತ್ರಕ್ಕೆ ಪ್ರೇರಣೆಯಾದ ಶಾಂತವೇರಿ ಗೋಪಾಲಗೌಡರನ್ನೇ ನೋಡಿ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದರು. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲ. ಆ ಸತ್ಯಾಗ್ರಹದಲ್ಲಿ ದುಡಿದ ಗೋಪಾಲಗೌಡರು 1952ರ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಸಮಾಜವಾದಿ ಅಭ್ಯರ್ಥಿಯಾಗಿ ನಿಂತರು. ಆಗ ಅವರಿಗೆ 30 ಕೂಡ ತುಂಬಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಓಟಿನ ಜತೆಗೆ ಒಂದು ನೋಟನ್ನೂ ಜನರಿಂದಲೇ ಕೇಳಿದರೆಂದು ಮಲೆನಾಡಿನಲ್ಲಿ ಈಗಲೂ ಹೇಳುತ್ತಾರೆ. ಅವರು ಗೆದ್ದರು, 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಕೊಟ್ಟವನಿಗೆ ಕೇಳುವ ಹಕ್ಕಿರುತ್ತದೆ. ಕೈಯೊಡ್ಡಿ ಕೇಳಿದ ಅಭ್ಯರ್ಥಿ ಆ ಊರಿನವನಾಗುತ್ತಾನೆ. ಪಾಟೀಲನ ಪಾತ್ರಕ್ಕೆ ಇಂಥ ಒಂದು ದೃಶ್ಯ ಸಿಕ್ಕಿದ್ದರೆ ಸಾಕಿತ್ತು, ಅವನಿಗೆ ಜೀವ ಬರುತ್ತಿತ್ತು.

ಸಾಹಿತಿಗಳೂ ಈ ಬಿಸಿಲಿಗೆ ಇಳಿದಿದ್ದಾರೆ. ಗೋಪಾಲಕೃಷ್ಣ ಅಡಿಗರು 1971ರಲ್ಲಿ ಬೆಂಗಳೂರಿನಿಂದ, ಶಿವರಾಮ ಕಾರಂತರು 1989ರಲ್ಲಿ, 87ನೆಯ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಅದರಿಂದ ಅವರ ಮರ್ಯಾದೆಗೇನೂ ಕುಂದು ಬರಲಿಲ್ಲ. ಇನ್ನು ತೆರೆಯ ಮೇಲಿನ ಕೃಷ್ಣಪ್ಪನಾದ ಅನಂತನಾಗ್ ಅವರೇ 1994ರಲ್ಲಿ ಮಲ್ಲೇಶ್ವರದಿಂದ ಜನತಾದಳದ ಶಾಸಕರಾದರು, ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿಯಾದರು, 2004ರಲ್ಲಿ ಚಾಮರಾಜಪೇಟೆಯಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರೆದುರು ನಿಂತು ಸೋತರು. ಹಾಸಿಗೆಯ ಮೇಲಿನ ಕೃಷ್ಣಪ್ಪನಿಗಿಂತ ಮಲ್ಲೇಶ್ವರದ ಬೀದಿಯಲ್ಲಿ ಮತ ಕೇಳಿದ ಅನಂತನಾಗ್ ಅವರ ಕಥೆಯನ್ನು ಯಾರಾದರೂ ಚಿತ್ರ ಮಾಡಿದ್ದರೆ ಎಂದು ನಮಗೆ ಎಷ್ಟೋ ಸಲ ಅನ್ನಿಸಿದೆ.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಕರ್ನಾಟಕದ 224 ಸ್ಥಾನಗಳಲ್ಲಿ ಒಂದಕ್ಕೆ ನಿಲ್ಲಲು ಭಾರತದ ಪೌರತ್ವ ಬೇಕು, 25 ವರ್ಷ ತುಂಬಿರಬೇಕು, ರಾಜ್ಯದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಸಾಮಾನ್ಯ ವರ್ಗದವರಿಗೆ 10,000 ರೂಪಾಯಿ ಠೇವಣಿ. ಪಕ್ಷೇತರನಾದರೆ 10 ಮಂದಿ ಸೂಚಕರ ಸಹಿ. ಚಲಾವಣೆಯಾದ ಮತಗಳಲ್ಲಿ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಬಾರದಿದ್ದರೆ, ಸೋತವನ ಠೇವಣಿ ಹೋಯಿತೆಂದೇ ಲೆಕ್ಕ. ನಮ್ಮಲ್ಲಿ ಸ್ವೀಡನ್ನಿನ ಪೌರತ್ವ ಪಡೆದವರಿಗೆ ಆ ಬಾಗಿಲು ಮುಚ್ಚಿದೆ, ಏಕೆಂದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಆದರೆ ಇಲ್ಲಿ ಇನ್ನೊಂದು ಬಾಗಿಲು ತೆರೆದಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರೂ ಮೂರು ವರ್ಷ ಇಲ್ಲಿನ ಜನಸಂಖ್ಯಾ ದಾಖಲೆಯಲ್ಲಿದ್ದರೆ ನಗರಸಭೆಗೂ ಪ್ರಾದೇಶಿಕ ಸಭೆಗೂ ಓಟು ಹಾಕಬಹುದು, ನಿಲ್ಲಲೂಬಹುದು. ಪೌರತ್ವ ಕಡ್ಡಾಯವಾಗಿರುವುದು ರಿಕ್ಸ್‌ದಾಗ್ ಒಂದಕ್ಕೆ. ಗೊಥೆನ್‌ಬರ್ಗ್ ನಗರಸಭೆಯಲ್ಲಿ 81 ಸ್ಥಾನಗಳಿವೆ. ನಮ್ಮ ಮಕ್ಕಳ ಶಾಲೆ, ಶಿಶುವಿಹಾರ ಅದರ ಕೈಯಲ್ಲಿವೆ. ಊರಿನಲ್ಲಿ ಕನಿಷ್ಠ ಐದು ಮಕ್ಕಳು ಕೇಳಿ, ತಕ್ಕ ಶಿಕ್ಷಕರು ಸಿಕ್ಕರೆ ಮಾತೃಭಾಷೆಯ ಪಾಠ ನಡೆಸಬೇಕೆಂದು ಕಾನೂನು ಹೇಳುತ್ತದೆ. ಕನ್ನಡದ ಶಿಕ್ಷಕರನ್ನು ಮನಸ್ಸಿಟ್ಟು ಹುಡುಕಿ ಎಂದು ಒಳಗಿನಿಂದ ಹೇಳುವವರು ಬೇಡವೇ?

ಚುನಾವಣೆ ಹತ್ತಿರ ಬಂದಾಗ ಇಲ್ಲಿನ ಚೌಕಗಳಲ್ಲಿ ಪಕ್ಷಗಳ ಪುಟ್ಟ ಮರದ ಗುಡಿಸಲುಗಳು ಏಳುವುದನ್ನು ನೀವೆಲ್ಲ ನೋಡಿದ್ದೀರಿ. ಮಳೆಯಲ್ಲಿ ನೆನೆಯುತ್ತ, ಕಾಫಿ ಕೊಟ್ಟು, ಕರಪತ್ರ ಹಿಡಿದು, ಸಿಟ್ಟಾದವರ ಮಾತಿಗೂ ಕಿವಿಗೊಟ್ಟು ನಿಂತಿರುವವರು ನೊಗರಾಜರೂ ಅಲ್ಲ, ಕೃಷ್ಣಪ್ಪರೂ ಅಲ್ಲ. ನಮ್ಮಂಥವರೇ. ನಾವು ಅವರ ಕಾಫಿ ಕುಡಿದು ಬಂದಿದ್ದೇವೆ, ಗುಡಿಸಲಿನ ಒಳಗೆ ನಿಂತಿಲ್ಲ.

ನೊಗರಾಜನ ಚಿತ್ರವನ್ನು ನೋಡದವರು ಖಂಡಿತ ನೋಡಿ, ನಗಿ. ಕೊನೆ ಹೇಳಿ ನಿಮ್ಮ ರುಚಿ ಕೆಡಿಸುವುದಿಲ್ಲ. 'ಅವಸ್ಥೆ'ಯನ್ನೂ ಹುಡುಕಿ ನೋಡಿ. ಆದರೆ ನಕ್ಕ ಮೇಲೆ, ಮರುಗಿದ ಮೇಲೆ, ನಮ್ಮ ಆ ಸೋದರಿಯ ಪ್ರಶ್ನೆಯನ್ನು ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿಕೊಳ್ಳಿ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೇಳಿದ್ದು ಗದ್ದೆಗೆ ಮಾತ್ರವಲ್ಲ. ಕೆಸರು ಎಂದು ಹೇಳಿ ಒಬ್ಬ ಯೋಗ್ಯರನ್ನು ದಡದಲ್ಲೇ ನಿಲ್ಲಿಸಿದವರಲ್ಲಿ ನಾವೂ ಇದ್ದೆವು. ಮುಂದಿನ ಸಲ ಅವರನ್ನೋ ನಿಮ್ಮನ್ನೋ ಯಾರಾದರೂ ಕೇಳಿದರೆ, ಕರಪತ್ರ ಹಂಚಲು ನಾವು ಬರುತ್ತೇವೆ.